ಬೋಟಿನ ಸ್ಟೀರಿಂಗ್ ಜಾಮ್ ಆದಾಗ: ಒಂದು ಕೇಬಲ್ ಕಲಿಸಿದ ಪಾಠ

ಬನಶಂಕರಿಯಲ್ಲಿ ಕೂತ್ಕೊಂಡು ಬೋಟ್ ರಿಪೇರಿ ಬಗ್ಗೆ ಬರೀತಿದ್ದೀವಿ ಅಂತ ನಗಬೇಡಿ. ನಮ್ಮ ಕಡೆ ನೀರು ಅಂದ್ರೆ ಸಾರಕ್ಕಿ ಕೆರೆ, ಮಡಿವಾಳ ಕೆರೆ, ಜೋರು ಮಳೆ ಬಂದ ದಿನ ಸಿಲ್ಕ್ ಬೋರ್ಡ್ ಜಂಕ್ಷನ್ ಅಷ್ಟೇ. ಆದರೂ 2022ರ ಸೆಪ್ಟೆಂಬರ್‌ನಲ್ಲಿ ಬೆಳ್ಳಂದೂರು, ಯಮಲೂರು ಕಡೆ ಜನರನ್ನು ಮನೆಗಳಿಂದ ಹೊರಗೆ ತರೋಕೆ ಬೋಟುಗಳು ಬಂದಿದ್ದನ್ನು ನಾವೆಲ್ಲ ಟಿವಿಯಲ್ಲಿ ನೋಡಿದ್ದೇವೆ. ಬೋಟು ಬೆಂಗಳೂರಿಗೆ ಅಷ್ಟೇನೂ ದೂರದ ವಿಷಯ ಅಲ್ಲ!

ಈ ಲೇಖನದ ಬೋಟು ಮಾತ್ರ ಹೊನ್ನಾವರದ್ದು. ನಮ್ಮ ಮೂವರಲ್ಲಿ ಒಬ್ಬನ ಊರು ಅದು. ಶರಾವತಿ ಅಲ್ಲಿ ಸಮುದ್ರ ಸೇರುತ್ತೆ. ಹಾಗಾಗಿ ಹಿನ್ನೀರಿನ ನೀರು ಉಪ್ಪುಪ್ಪು. ಕಾಂಡ್ಲಾ ಕಾಡು ನೋಡೋಕೆ ಬರೋ ಪ್ರವಾಸಿಗರನ್ನು ಸುತ್ತಿಸೋಕೆ ಅವನ ಮಾವ ಒಂದು ಫೈಬರ್ ಬೋಟ್ ಇಟ್ಟಿದ್ದಾರೆ. ದಸರಾ ರಜೆಗೆ ನಾವು ಅಲ್ಲಿಗೆ ಹೋದಾಗ ಬೋಟು ಇನ್ನೂ ದಡದಲ್ಲೇ ಇತ್ತು. ಮಳೆಗಾಲ ಪೂರ್ತಿ ತೆಂಗಿನ ಮರದ ಕೆಳಗೆ ನಿಂತಿದ್ದ ಬೋಟಿನ ಸ್ಟೀರಿಂಗ್ ಒಂದು ಚೂರೂ ತಿರುಗ್ತಾ ಇರಲಿಲ್ಲ. ಶನಿವಾರ ಒಂದು ದೊಡ್ಡ ಕುಟುಂಬ ಬುಕ್ ಮಾಡಿತ್ತು. ನಾವು ತಲುಪಿದ್ದು ಗುರುವಾರ.

"ನೀವು ಇಂಜಿನಿಯರ್ ಓದ್ತಾ ಇದ್ದೀರಲ್ಲ, ಬನ್ನಿ ನೋಡುವಾ" ಅಂದ್ರು ಮಾವ. ನಾವು ಅಲ್ಲಿವರೆಗೆ ಕೈಯಲ್ಲಿ ಬಿಚ್ಚಿದ್ದು ವರ್ಕ್‌ಶಾಪ್‌ನ ವೈಸ್ ಮಾತ್ರ. ಆದರೂ ಹೋದ್ವಿ. ಎರಡು ದಿನದಲ್ಲಿ ಕಲಿತದ್ದನ್ನು ಇಲ್ಲಿ ಪಾಠದ ಥರ ಬರೆದಿದ್ದೇವೆ. ನಮ್ಮ ಕನ್ನಡದಲ್ಲಿ ತಪ್ಪಿದ್ದರೆ ತಿದ್ದಿ, ಮೆಕ್ಯಾನಿಕಲ್‌ನಲ್ಲಿ ತಪ್ಪಿದ್ದರೂ ತಿದ್ದಿ.

ಮೊದಲು, ಒಳಗೆ ಏನಿದೆ?

ಔಟ್‌ಬೋರ್ಡ್ ಅಂದರೆ ಬೋಟಿನ ಹಿಂಭಾಗಕ್ಕೆ ಕ್ಲಾಂಪ್ ಅಥವಾ ಬೋಲ್ಟ್ ಹಾಕಿ ನೇತುಹಾಕೋ ಎಂಜಿನ್. ಇದಕ್ಕೆ ಬೇರೆ ರಡ್ಡರ್ ಇರಲ್ಲ. ಎಂಜಿನ್ನೇ ಎಡಕ್ಕೆ ಬಲಕ್ಕೆ ತಿರುಗುತ್ತೆ, ಪ್ರೊಪೆಲ್ಲರ್ ನೀರನ್ನು ತಳ್ಳೋ ದಿಕ್ಕು ಬದಲಾಗುತ್ತೆ, ಬೋಟು ತಿರುಗುತ್ತೆ. ಚಿಕ್ಕ ಎಂಜಿನ್ ಆದರೆ ಅದರ ಹಿಡಿಕೆಯನ್ನೇ ಹಿಡಿದು ತಿರುಗಿಸಬಹುದು. ರಬ್ಬರ್ ಬೋಟುಗಳಲ್ಲಿ ಹೆಚ್ಚಾಗಿ ಹೀಗೇ ಇರುತ್ತೆ, ಕೇಬಲ್‌ನ ತಲೆನೋವೇ ಇಲ್ಲ. ದೊಡ್ಡ ಎಂಜಿನ್‌ಗೆ, ಮುಂದೆ ಕೂತು ಓಡಿಸೋ ಬೋಟಿಗೆ, ಕಾರಿನ ಥರ ಸ್ಟೀರಿಂಗ್ ಚಕ್ರ ಬೇಕು. ಚಕ್ರದಿಂದ ಎಂಜಿನ್‌ವರೆಗೆ ಚಲನೆ ಸಾಗಿಸೋದು ಕೇಬಲ್.

ಭಾಗಗಳು ನಾಲ್ಕೇ:

1. ಹೆಲ್ಮ್: ಚಕ್ರದ ಹಿಂದೆ ಇರುವ ಗೇರ್ ಡಬ್ಬಿ. ಚಕ್ರ ತಿರುಗಿಸಿದರೆ ಇದು ಕೇಬಲ್‌ನ ಒಳತಂತಿಯನ್ನು ಮುಂದೆ ತಳ್ಳುತ್ತೆ ಅಥವಾ ಹಿಂದೆ ಎಳೆಯುತ್ತೆ.

2. ಕೇಬಲ್: ಹೊರಗೆ ಗಟ್ಟಿ ಕವಚ, ಒಳಗೆ ಜಾರುವ ತಂತಿ. ಇದರ ಮೂಲ ಐಡಿಯಾ ಹಳೇದು. ಅರ್ನೆಸ್ಟ್ ಬೌಡನ್ ಎನ್ನುವವರ ಹೆಸರಿನಲ್ಲಿ 1896ರ ಪೇಟೆಂಟ್ ಇದೆ, ಅದಕ್ಕೇ ಇಂಥದ್ದನ್ನು ಬೌಡನ್ ಕೇಬಲ್ ಅಂತಾರೆ. ಸೈಕಲ್ ಬ್ರೇಕ್, ಬೈಕ್ ಕ್ಲಚ್ ಎಲ್ಲ ಇದೇ ವಂಶ. ವ್ಯತ್ಯಾಸ ಏನಂದ್ರೆ ಬ್ರೇಕ್ ಕೇಬಲ್ ಎಳೆಯುತ್ತೆ ಅಷ್ಟೇ, ವಾಪಸ್ ತರೋದು ಸ್ಪ್ರಿಂಗ್. ಸ್ಟೀರಿಂಗ್ ಕೇಬಲ್ ಎಳೀಬೇಕು, ತಳ್ಳಲೂ ಬೇಕು.

3. ರಾಡ್: ಕೇಬಲ್‌ನ ಎಂಜಿನ್ ತುದಿಯಲ್ಲಿರುವ ಸ್ಟೇನ್‌ಲೆಸ್ ಸ್ಟೀಲ್ ಕಂಬಿ, ಸುಮಾರು 16 ಮಿ.ಮೀ. ದಪ್ಪ. ಇದು ಎಂಜಿನ್ ಬ್ರಾಕೆಟ್‌ನಲ್ಲಿ ಅಡ್ಡಲಾಗಿ ಇರುವ ಟಿಲ್ಟ್ ಟ್ಯೂಬ್ ಎಂಬ ಕೊಳವೆಯೊಳಗೆ ಪಿಸ್ಟನ್ ಥರ ಜಾರುತ್ತೆ. ಕೇಬಲ್ ಅನ್ನು ಟ್ಯೂಬಿಗೆ ಹಿಡಿದಿಡೋದು ಒಂದು ದೊಡ್ಡ ನಟ್.

4. ಲಿಂಕ್ ಆರ್ಮ್: ರಾಡ್‌ನ ಹೊರತುದಿಯನ್ನು ಎಂಜಿನ್‌ನ ಸ್ಟೀರಿಂಗ್ ತೋಳಿಗೆ ಸೇರಿಸುವ ಕೊಂಡಿ.

ಇವುಗಳಲ್ಲಿ ಯಾವುದು ಹಿಡ್ಕೊಂಡರೂ ಚಕ್ರದ ಹತ್ತಿರ ಅನುಭವ ಒಂದೇ: ತಿರುಗಲ್ಲ. ಹಾಗಾಗಿ ಮೊದಲ ಕೆಲಸ ಎಣ್ಣೆ ಹಾಕೋದಲ್ಲ, ಹುಡುಕೋದು.

ನಾವು ಮಾಡಿದ ಮೊದಲ ತಪ್ಪು

ನಮ್ಮಲ್ಲಿ ಒಬ್ಬ ಹೋದವನೇ ಎರಡೂ ಕೈಯಲ್ಲಿ ಚಕ್ರ ಹಿಡಿದು ಜೋರಾಗಿ ತಿರುಗಿಸೋಕೆ ನೋಡಿದ. "ತಮಾ, ಬಿಡು ಬಿಡು, ಅದೂ ಮುರಿದ್ರೆ ಮತ್ತೆ ಎರಡು ರಿಪೇರಿ ಆಗ್ತದೆ" ಅಂತ ಮಾವ ಕೂಗಿದ್ರು. ಅವರು ಹೇಳಿದ್ದು ಸರಿ. ಚಕ್ರದ ತ್ರಿಜ್ಯ ಹೆಲ್ಮ್ ಗೇರ್‌ನ ತ್ರಿಜ್ಯಕ್ಕಿಂತ ಎಷ್ಟೋ ದೊಡ್ಡದು. ನಮ್ಮ ಕೈಯ ಬಲ ಗೇರ್ ಹಲ್ಲಿನ ಮೇಲೆ ಅಷ್ಟೇ ಪಟ್ಟು ಹೆಚ್ಚಾಗಿ ಬೀಳುತ್ತೆ. ಜಾಮ್ ಆಗಿರೋದು ಬೋಟಿನ ಹಿಂದೆ, ಮುರಿಯೋದು ಮುಂದೆ. ಚಕ್ರವನ್ನು ಬಲವಂತ ಮಾಡಬೇಡಿ, ಇದು ಮೊದಲ ನಿಯಮ.

ಹುಡುಕೋ ಕ್ರಮ

ಮೊದಲು ಕೀ ತೆಗೆದು, ಬ್ಯಾಟರಿಯ ನೆಗೆಟಿವ್ ಟರ್ಮಿನಲ್ ಬಿಚ್ಚಿ, ಪೆಟ್ರೋಲ್ ಟ್ಯಾಂಕನ್ನು ಬೋಟಿನಿಂದ ಇಳಿಸಿ ದೂರ ಇಟ್ಟೆವು. ಆಮೇಲೆ ಮೂರು ಪ್ರಶ್ನೆ ಕೇಳಿದೆವು.

ಪ್ರಶ್ನೆ 1: ಎಂಜಿನ್ ತಾನೇ ತಿರುಗುತ್ತಾ? ಲಿಂಕ್ ಆರ್ಮ್ ಬಿಚ್ಚಿ ಎಂಜಿನ್ ಅನ್ನು ಕೈಯಿಂದ ಎಡಬಲಕ್ಕೆ ತಳ್ಳಿ. ತಿರುಗದಿದ್ದರೆ ತೊಂದರೆ ಕೇಬಲ್‌ನದ್ದಲ್ಲ, ಎಂಜಿನ್‌ನ ಸ್ವಿವೆಲ್ ಒಣಗಿದೆ ಅಂತ ಅರ್ಥ. ಅಲ್ಲಿನ ಗ್ರೀಸ್ ನಿಪ್ಪಲ್‌ಗೆ ಹೊಸ ಗ್ರೀಸ್ ತುಂಬಿ ಎಂಜಿನ್ ಆಡಿಸ್ತಾ ಹೋಗಬೇಕು. ನಮ್ಮದು ಸಲೀಸಾಗಿ ತಿರುಗಿತು. ಎಂಜಿನ್ ನಿರಪರಾಧಿ.

ಪ್ರಶ್ನೆ 2: ಲಿಂಕ್ ಆರ್ಮ್ ಇಲ್ಲದೆ ಚಕ್ರ ತಿರುಗುತ್ತಾ? ಇಲ್ಲ. ಅಂದರೆ ತೊಂದರೆ ಹೆಲ್ಮ್, ಕೇಬಲ್, ರಾಡ್ ಈ ಮೂರರಲ್ಲಿ ಒಂದರಲ್ಲಿ.

ಪ್ರಶ್ನೆ 3: ಈ ಮೂರರಲ್ಲಿ ಯಾವುದು? ಇದು ನಮಗೆ ತುಂಬಾ ಇಷ್ಟವಾದ ಹಂತ. ಟಿಲ್ಟ್ ಟ್ಯೂಬಿನ ದೊಡ್ಡ ನಟ್ ಬಿಚ್ಚಿ, ಈಗ ಚಕ್ರವನ್ನು ನಿಧಾನಕ್ಕೆ ರಾಡ್ ಹೊರತಳ್ಳೋ ದಿಕ್ಕಿಗೆ ತಿರುಗಿಸಿ. ರಾಡ್ ಟ್ಯೂಬಿನಲ್ಲಿ ಸಿಕ್ಕಿಕೊಂಡಿದ್ದರೆ ಅದು ಅಲ್ಲಾಡಲ್ಲ. ಆದರೆ ನಟ್ ಬಿಚ್ಚಿರೋದರಿಂದ ಕೇಬಲ್‌ನ ಹೊರಕವಚಕ್ಕೆ ಸ್ವಾತಂತ್ರ್ಯ ಬಂದಿದೆ. ಒಳತಂತಿ ಮುಂದೆ ಹೋಗೋಕೆ ಆಗದಿದ್ದರೆ ಕವಚ ಹಿಂದಕ್ಕೆ ಸರಿಯುತ್ತೆ. ರಿಲೇಟಿವ್ ಮೋಷನ್! ಕವಚ ಹಿಂದೆ ಸರಿದರೆ ಹೆಲ್ಮ್ ಮತ್ತು ಒಳತಂತಿ ಕೆಲಸ ಮಾಡ್ತಿವೆ, ಸಿಕ್ಕಿರೋದು ರಾಡ್. ಚಕ್ರ ಆಗಲೂ ತಿರುಗದಿದ್ದರೆ ಕೇಬಲ್ ಅಥವಾ ಹೆಲ್ಮ್ ಹೋಗಿದೆ.

ನಮ್ಮ ಬೋಟಿನಲ್ಲಿ ಕವಚ ಒಂದೆರಡು ಇಂಚು ಹಿಂದೆ ಸರಿಯಿತು. ಆದರೆ ಕಷ್ಟಪಟ್ಟು, ಕಿರುಗುಟ್ಟುತ್ತಾ. ಆ ಕಿರುಗುಟ್ಟಿದ್ದಕ್ಕೆ ಆಗ ನಾವು ತಲೆ ಕೆಡಿಸಿಕೊಳ್ಳಲಿಲ್ಲ. ಆಮೇಲೆ ಅದೇ ಮುಖ್ಯ ಆಯ್ತು.

ಯಾಕೆ ಹಿಡ್ಕೊಳ್ಳುತ್ತೆ?

ರಾಡ್ ಸ್ಟೇನ್‌ಲೆಸ್, ಅಷ್ಟು ಬೇಗ ತುಕ್ಕು ಹಿಡಿಯಲ್ಲ. ಆದರೆ ಟ್ಯೂಬ್ ಸಾಮಾನ್ಯ ಉಕ್ಕಿನದಾಗಿದ್ದರೆ ಉಪ್ಪುನೀರಿಗೆ ಒಳಗಿನಿಂದ ತುಕ್ಕು ಹಿಡಿಯುತ್ತೆ. ತುಕ್ಕು ತಾನು ಹುಟ್ಟಿದ ಕಬ್ಬಿಣಕ್ಕಿಂತ 2 ಪಟ್ಟಿಗೂ ಹೆಚ್ಚು ಜಾಗ ಕೇಳುತ್ತೆ. ರಾಡ್ ಮತ್ತು ಟ್ಯೂಬಿನ ನಡುವೆ ಇರೋದು ಕೂದಲೆಳೆಯಷ್ಟು ಸಂದಿ. ಅದರ ಜೊತೆ ಹಳೇ ಗ್ರೀಸ್ ಒಣಗಿ ಮೇಣದ ಥರ ಆಗಿರುತ್ತೆ. ಬೋಟು ದಿನಾ ಓಡ್ತಿದ್ದರೆ ರಾಡ್ ಜಾರುತ್ತಾ ಇದನ್ನೆಲ್ಲ ಒರೆಸ್ತಾ ಇರುತ್ತೆ. ನಾಲ್ಕು ತಿಂಗಳು ನಿಂತಾಗಲೇ ಕಷ್ಟ.

ಕೇಬಲ್‌ನ ಒಳಗಿನ ಘರ್ಷಣೆ ಇನ್ನೂ ಇಂಟರೆಸ್ಟಿಂಗ್. ಬೆಲ್ಟ್ ಫ್ರಿಕ್ಷನ್ ಪಾಠ ನೆನಪಿದೆಯಾ? ಕಂಬಕ್ಕೆ ಸುತ್ತಿದ ಹಗ್ಗದ ಆ ಸೂತ್ರವೇ ಇಲ್ಲೂ ಬರುತ್ತೆ: ಒಂದು ತುದಿಯಲ್ಲಿ ಕೊಡಬೇಕಾದ ಬಲಕ್ಕೂ ಇನ್ನೊಂದು ತುದಿಗೆ ತಲುಪೋ ಬಲಕ್ಕೂ ಇರುವ ಅನುಪಾತ, 'ಇ' ಎಂಬ ಸಂಖ್ಯೆಯ (ಮ್ಯೂ × ಥೀಟಾ) ಘಾತ. ಮ್ಯೂ ಅಂದರೆ ಘರ್ಷಣಾಂಕ, ಥೀಟಾ ಅಂದರೆ ಕೇಬಲ್‌ನ ಒಟ್ಟು ಬಾಗು, ರೇಡಿಯನ್‌ನಲ್ಲಿ. ಎಳೆಯುವಾಗ ಇದು ಚೆನ್ನಾಗಿ ಹೊಂದುತ್ತೆ, ತಳ್ಳುವಾಗ ಅಂದಾಜಿಗೆ ಸಾಕು.

ಹೆಲ್ಮ್‌ನಿಂದ ಎಂಜಿನ್‌ಗೆ ಬರುವಾಗ ಕೇಬಲ್ ಮೂರು ಸಲ ಲಂಬವಾಗಿ ಬಾಗಿದೆ ಅಂದುಕೊಳ್ಳಿ. ಒಟ್ಟು 270 ಡಿಗ್ರಿ, ಅಂದರೆ 4.71 ರೇಡಿಯನ್. ಎಂಜಿನ್ ತುದಿಯಲ್ಲಿ 100 ನ್ಯೂಟನ್ ಬೇಕು.

ಹೊಸ ಕೇಬಲ್, ಮ್ಯೂ 0.1 ಅಂತ ಹಿಡಿದರೆ: ಅನುಪಾತ 1.6. ಹೆಲ್ಮ್ ಕಡೆ 160 ನ್ಯೂಟನ್ ಕೊಟ್ಟರೆ ಸಾಕು.

ತುಕ್ಕು ಹಿಡಿದ ಕೇಬಲ್, ಮ್ಯೂ 0.4 ಅಂತ ಹಿಡಿದರೆ: ಅನುಪಾತ 6.6. ಈಗ 660 ನ್ಯೂಟನ್ ಬೇಕು.

ಘರ್ಷಣೆ 4 ಪಟ್ಟು ಆಯ್ತು, ಆದರೆ ವ್ಯರ್ಥವಾಗೋ ಬಲ 60ರಿಂದ 560ಕ್ಕೆ, 9 ಪಟ್ಟಿಗೂ ಮೇಲೆ ಹೋಯ್ತು. ಎಕ್ಸ್‌ಪೊನೆನ್ಷಿಯಲ್ ಅಂದರೆ ಇದೇ. ಇನ್ನೊಂದು ವಿಷಯ ಗಮನಿಸಿ: ಸೂತ್ರದಲ್ಲಿ ಬಾಗಿನ ತ್ರಿಜ್ಯವೇ ಇಲ್ಲ, ಕೋನ ಮಾತ್ರ ಇದೆ. ಹಾಗಂತ ಕೇಬಲ್ ಅನ್ನು ಹೇಗೆ ಬೇಕಾದರೂ ಮಡಚಬಹುದು ಅಂತಲ್ಲ. ಚಿಕ್ಕ ಬಾಗಿನಲ್ಲಿ ಒಳಪದರ ಸವೆದುಹೋಗುತ್ತೆ. ಸ್ಟೀರಿಂಗ್ ಕೇಬಲ್‌ಗೆ ಸಾಮಾನ್ಯವಾಗಿ 8 ಇಂಚಿಗಿಂತ ಕಡಿಮೆ ತ್ರಿಜ್ಯ ಕೊಡಬಾರದು ಅಂತಾರೆ.

ಬಿಡಿಸಿದ್ದು ಹೇಗೆ

ಗುರುವಾರ ಸಂಜೆ: ರಾಡ್‌ನ ಹೊರಗೆ ಕಾಣೋ ಭಾಗವನ್ನು ಎಮರಿ ಪೇಪರ್‌ನಲ್ಲಿ ಉಜ್ಜಿ ಹೊಳೆಯೋ ಹಾಗೆ ಮಾಡಿದೆವು. ಯಾಕಂದ್ರೆ ಈ ಭಾಗ ಟ್ಯೂಬಿನೊಳಗೆ ಹಾದು ಆಚೆ ಹೋಗಬೇಕು, ಅದರ ಮೇಲಿನ ಕೊಳೆ ಒಳಗೆ ಹೋಗಿ ಮತ್ತೆ ಸಿಕ್ಕಿಕೊಳ್ಳಬಾರದು. ಆಮೇಲೆ ಟ್ಯೂಬಿನ ಎರಡೂ ತುದಿಗೆ ತುಕ್ಕು ಬಿಡಿಸೋ ಪೆನೆಟ್ರೇಟಿಂಗ್ ಆಯಿಲ್ ಸ್ಪ್ರೇ ಮಾಡಿದೆವು. ಟ್ಯೂಬ್ ಅಡ್ಡಲಾಗಿ ಇರೋದರಿಂದ ಗುರುತ್ವ ಸಹಾಯ ಮಾಡಲ್ಲ, ಎಣ್ಣೆ ಕ್ಯಾಪಿಲರಿಯಿಂದಲೇ ಒಳಗೆ ಹೋಗಬೇಕು. ಅದಕ್ಕೆ ಸಮಯ ಬೇಕು. ಗಂಟೆಗೊಮ್ಮೆ ಸ್ಪ್ರೇ ಮಾಡಿ, ರಾತ್ರಿ ಬಿಟ್ಟುಬಿಟ್ಟೆವು.

ಶುಕ್ರವಾರ ಬೆಳಿಗ್ಗೆ: ರಾಡ್ ತುದಿಗೆ ಮರದ ತುಂಡು ಇಟ್ಟು ಸುತ್ತಿಗೆಯಿಂದ ಮೆಲ್ಲಗೆ ಬಡಿದೆವು. ಅಲ್ಲಾಡಲಿಲ್ಲ. ಆಗ ಹೀಟ್ ಗನ್ ತಂದೆವು.

ಇಲ್ಲಿ ಒಂದು ಲೆಕ್ಕ ಮಾಡಲೇಬೇಕು. ಸಾಮಾನ್ಯ ಉಕ್ಕು ಪ್ರತಿ ಡಿಗ್ರಿಗೆ ಸುಮಾರು ಹತ್ತು ಲಕ್ಷದಲ್ಲಿ 12 ಭಾಗ ಹಿಗ್ಗುತ್ತೆ. ಸಾಮಾನ್ಯವಾಗಿ ಬಳಸೋ ಸ್ಟೇನ್‌ಲೆಸ್ ಸ್ಟೀಲ್ ಸುಮಾರು 17 ಭಾಗ. 16 ಮಿ.ಮೀ. ರಂಧ್ರದ ಟ್ಯೂಬ್ 100 ಡಿಗ್ರಿ ಬಿಸಿಯಾದರೆ ರಂಧ್ರ ಸುಮಾರು 19 ಮೈಕ್ರಾನ್ ದೊಡ್ಡದಾಗುತ್ತೆ. ಆದರೆ ಒಳಗಿನ ರಾಡ್ ಕೂಡ ಅಷ್ಟೇ ಬಿಸಿಯಾದರೆ ಅದು 27 ಮೈಕ್ರಾನ್ ಹಿಗ್ಗುತ್ತೆ. ಬಿಗಿ ಕಡಿಮೆ ಆಗೋ ಬದಲು ಜಾಸ್ತಿ ಆಗುತ್ತೆ! ಹಾಗಾಗಿ ಗಂಟೆಗಟ್ಟಲೆ ಬಿಸಿ ಮಾಡಿದರೆ ಪ್ರಯೋಜನ ಇಲ್ಲ. ಹೊರಗಿನ ಟ್ಯೂಬನ್ನು ಬೇಗ ಬಿಸಿ ಮಾಡಿ, ಶಾಖ ರಾಡ್‌ಗೆ ಇಳಿಯೋ ಮುಂಚೆ ಬಡೀಬೇಕು. ಆಮೇಲೆ ತಣ್ಣಗಾಗೋಕೆ ಬಿಡಬೇಕು. ಹೀಗೆ ಹಿಗ್ಗಿ ಕುಗ್ಗಿ ತುಕ್ಕಿನ ಪದರ ಬಿರುಕು ಬಿಡುತ್ತೆ, ಎಣ್ಣೆಗೆ ದಾರಿ ಸಿಗುತ್ತೆ.

ಬೆಂಕಿ ಜ್ವಾಲೆಯ ಟಾರ್ಚ್ ಬೇಡವೇ ಬೇಡ. ಪಕ್ಕದಲ್ಲಿ ಪೆಟ್ರೋಲ್ ಲೈನ್ ಇದೆ, ಬೋಟು ಫೈಬರ್‌ನದು, ಟ್ಯೂಬಿನ ತುದಿಗಳಲ್ಲಿ ಪ್ಲಾಸ್ಟಿಕ್ ಬುಶ್ ಇರುತ್ತೆ. ಪೆನೆಟ್ರೇಟಿಂಗ್ ಆಯಿಲ್ ಕೂಡ ಹೊತ್ತಿಕೊಳ್ಳೋ ವಸ್ತುವೇ. ಅದಕ್ಕೆ ನಾವು ಹೊರಗಿನ ಎಣ್ಣೆ ಪೂರ್ತಿ ಒರೆಸಿ ಬಿಸಿ ಮಾಡಿದೆವು, ಗನ್ ಆಫ್ ಮಾಡಿ ದೂರ ಇಟ್ಟೆವು, ಟ್ಯೂಬ್ ಚೆನ್ನಾಗಿ ಆರಿದ ಮೇಲಷ್ಟೇ ಮತ್ತೆ ಎಣ್ಣೆ ಹಾಕಿದೆವು.

ಮೂರನೇ ಸುತ್ತಿನಲ್ಲಿ 'ಟಕ್' ಅಂತ ಒಂದು ಸದ್ದು. ರಾಡ್ ಅರ್ಧ ಸೆಂಟಿಮೀಟರ್ ಸರಿದಿತ್ತು. ನಾವು ಮೂವರೂ ಕಿರುಚಿದ್ದಕ್ಕೆ ಪಕ್ಕದ ಮನೆಯವರು ಹೊರಗೆ ಬಂದ್ರು. ಆಮೇಲೆ ಬಡಿ, ಎಣ್ಣೆ ಹಾಕು, ಬಡಿ. ಬಡಿಯುವಾಗ ನೇರ ಕಬ್ಬಿಣದ ಸುತ್ತಿಗೆ ತಾಗಬಾರದು. ರಾಡ್‌ನ ತುದಿ ಅಣಬೆ ಥರ ಅರಳಿದರೆ ಅದು ಟ್ಯೂಬಿನೊಳಗೆ ಹೋಗೋದೇ ಇಲ್ಲ. ತುದಿ ಟ್ಯೂಬಿನ ಅಂಚಿಗೆ ಬಂದ ಮೇಲೆ, ರಂಧ್ರಕ್ಕಿಂತ ಸಣ್ಣ ಹಿತ್ತಾಳೆ ಕಂಬಿ ಇಟ್ಟು ತಳ್ಳಿದೆವು. ಮಧ್ಯಾಹ್ನ ಊಟದ ಹೊತ್ತಿಗೆ ರಾಡ್ ಕೇಬಲ್ ಸಮೇತ ಹೊರಗೆ ಬಂತು.

ಟ್ಯೂಬಿನೊಳಗೆ ದುಂಡನೆ ತಂತಿ ಬ್ರಶ್ ಹಾಕಿ ಉಜ್ಜಿ, ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆ ಎಳೆದೆವು. ಮೊದಲ ಬಟ್ಟೆ ಕಾಫಿ ಡಿಕಾಕ್ಷನ್ ಬಣ್ಣ. ಎಂಟನೇ ಬಟ್ಟೆ ಸ್ವಚ್ಛ ಬಂತು. ನೀರಿಗೆ ಕರಗದ ಮರೀನ್ ಗ್ರೀಸ್ ಬಳಿದು ರಾಡ್ ಹಾಕಿದರೆ ಒಂದೇ ಬೆರಳಲ್ಲಿ ಜಾರಿತು.

ಆದರೆ ಕಥೆ ಮುಗಿಯಲಿಲ್ಲ

ಎಲ್ಲ ಜೋಡಿಸಿ ಚಕ್ರ ತಿರುಗಿಸಿದೆವು. ತಿರುಗಿತು! ಶನಿವಾರದ ಟ್ರಿಪ್ ಉಳೀತು ಅಂತ ನಾವು ಕುಣಿದೆವು. ಮಾವ ಮಾತ್ರ ಚಕ್ರವನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ನಿಧಾನಕ್ಕೆ ತಿರುಗಿಸ್ತಾ ಇದ್ರು, ನಾಲ್ಕೈದು ಸಲ. ಒಂದು ಜಾಗದಲ್ಲಿ ಪ್ರತಿ ಸಲ ಬಿಗಿ. ಅದೇ ಕಿರುಗುಟ್ಟೋ ಸದ್ದು.

ಅವರು ಕೇಬಲ್ ಮೇಲೆ ಬೆರಳು ಓಡಿಸ್ತಾ ಬಂದು ದೊಡ್ಡ ನಟ್‌ನಿಂದ ಒಂದು ಗೇಣು ದೂರದಲ್ಲಿ ನಿಲ್ಲಿಸಿದ್ರು. ಅಲ್ಲಿ ಪ್ಲಾಸ್ಟಿಕ್ ಕವಚ ಉಬ್ಬಿತ್ತು, ಸಣ್ಣ ಸೀಳು ಇತ್ತು. ಒತ್ತಿದರೆ ಕಂದು ಬಣ್ಣದ ನೀರು ಬಂತು.

"ಮಾವ, ನಾಳೆ ಒಂದು ದಿನ ಓಡ್ಸಿ, ಆಮೇಲೆ ಬದಲಾಯಿಸಬಹುದಲ್ವಾ?" ಅಂದ ನಮ್ಮ ಗೆಳೆಯ.

"ಹನ್ನೆರಡು ಜನ ಕೂರ್ತಾರೆ. ಅದ್ರಲ್ಲಿ ಮಕ್ಕಳೂ ಇರ್ತಾರೆ. ನದಿ ಮಧ್ಯ ಇದು ಹಿಡ್ಕೊಂಡ್ರೆ ನಾ ಏನ್ ಮಾಡ್ಲಿ?" ಅಂದ್ರು. ಅಷ್ಟೇ. ಫೋನ್ ತೆಗೆದು ಆ ಬುಕಿಂಗನ್ನು ಪಕ್ಕದ ಬೋಟಿನವರಿಗೆ ಕೊಟ್ಟುಬಿಟ್ಟರು. ಸೀಸನ್‌ನ ಮೊದಲ ಸಂಪಾದನೆ ಹೋಯ್ತು.

ನಮಗೆ ಬೇಜಾರಾಯ್ತು, ಸುಳ್ಳು ಹೇಳಲ್ಲ. ಎರಡು ದಿನ ಕಷ್ಟಪಟ್ಟಿದ್ದು ವೇಸ್ಟ್ ಅನ್ನಿಸ್ತು. ಬೆಂಗಳೂರಿಗೆ ಬರುವಾಗ, ಆಗಲೇ ಬಿಚ್ಚಿದ್ದ ಹಳೇ ಕೇಬಲ್‌ನ ಒಂದು ಮಾರುದ್ದ ತುಂಡು ಬ್ಯಾಗಲ್ಲಿ ಹಾಕ್ಕೊಂಡು ಬಂದ್ವಿ.

ವರ್ಕ್‌ಶಾಪ್‌ನಲ್ಲಿ ಕೊಯ್ದು ನೋಡಿದಾಗ

ಇನ್‌ಸ್ಟ್ರಕ್ಟರ್ ಅನುಮತಿ ತಗೊಂಡು ಅದನ್ನು ವೈಸ್‌ಗೆ ಕಚ್ಚಿಸಿ, ಹ್ಯಾಕ್ಸಾದಿಂದ ಉದ್ದಕ್ಕೆ ಕೊಯ್ದೆವು. ಹೊರಗೆ ಪ್ಲಾಸ್ಟಿಕ್. ಅದರ ಕೆಳಗೆ ಒತ್ತೊತ್ತಾಗಿ ಸುತ್ತಿದ ಉಕ್ಕಿನ ತಂತಿಗಳು, ಇವೇ ಕವಚಕ್ಕೆ ಬಲ ಕೊಡೋದು. ಅದರೊಳಗೆ ನುಣುಪಾದ ಪ್ಲಾಸ್ಟಿಕ್ ಕೊಳವೆ. ಅದರೊಳಗೆ ಒಳತಂತಿ, ಅದರ ಮೈಮೇಲೆ ಸ್ಕ್ರೂ ಥರ ಸುತ್ತಿದ ಇನ್ನೊಂದು ತಂತಿ. ಹೆಲ್ಮ್‌ನ ಗೇರ್ ಹಲ್ಲು ಕಚ್ಚೋದು ಈ ಸುತ್ತಿಗೇ.

ಒಳತಂತಿಯನ್ನು ತಳ್ಳಿದಾಗ ಅದು ಯಾಕೆ ಬಾಗಿಹೋಗಲ್ಲ? ಮೆಕ್ಯಾನಿಕ್ಸ್ ಆಫ್ ಮೆಟೀರಿಯಲ್ಸ್‌ನಲ್ಲಿ ಆಯ್ಲರ್ ಬಕ್ಲಿಂಗ್ ಓದಿದ್ದೀವಿ. ತೆಳು ಕಂಬಿ ಉದ್ದವಾದಷ್ಟೂ ಸ್ವಲ್ಪ ಬಲಕ್ಕೇ ಬಾಗುತ್ತೆ. ಇಲ್ಲಿ ಕವಚ ಸುತ್ತಲೂ ಹಿಡಿದಿರೋದರಿಂದ ಬಾಗೋಕೆ ಜಾಗವೇ ಇಲ್ಲ. ಅಂದರೆ ಕವಚ ಬರೀ ಹೊದಿಕೆ ಅಲ್ಲ, ಅದು ಯಂತ್ರದ ಅರ್ಧ ಭಾಗ.

ಸೀಳು ಇದ್ದ ಕಡೆ ಉಕ್ಕಿನ ಪದರ ಪೂರ್ತಿ ಪುಡಿ. ಉಬ್ಬಿದ ತುಕ್ಕು ಒಳಗಿನ ಕೊಳವೆಯನ್ನು ಒತ್ತಿ ತಂತಿಯ ಕತ್ತು ಹಿಸುಕಿತ್ತು. ಕವಚದ ಉಕ್ಕಿನ ತಂತಿಗಳಲ್ಲಿ ಕೆಲವು ತುಂಡಾಗಿದ್ದವು. ಬೆರಳಲ್ಲಿ ಮುಟ್ಟಿದರೆ ಉದುರುತ್ತಿದ್ದವು. ವರ್ಕ್‌ಶಾಪ್‌ನಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಶನಿವಾರದ ಟ್ರಿಪ್ ಬಗ್ಗೆ ನಮ್ಮ ಬೇಜಾರು ಅಲ್ಲೇ ಹೋಯ್ತು.

ನಾವು ಎರಡು ದಿನ ಬಿಡಿಸಿದ್ದು ರಾಡನ್ನು. ಅದು ಬೇಕಿತ್ತು, ಇಲ್ಲದಿದ್ದರೆ ಹೊಸ ಕೇಬಲ್ ಕೂಡ ಹಾಕೋಕೆ ಆಗ್ತಿರಲಿಲ್ಲ. ಆದರೆ 'ತಿರುಗುತ್ತೆ' ಬೇರೆ, 'ಸರಿಯಾಗಿದೆ' ಬೇರೆ.

ಮತ್ತೆ ಹೀಗಾಗದಿರಲು

ಮಾವ ಹೊಸ ಕೇಬಲ್ ಹಾಕಿದ ಮೇಲೆ ನಾವು ಅವರಿಗೆ ಒಂದು ಪಟ್ಟಿ ಕಳಿಸಿದೆವು. ಅದರಲ್ಲಿ ಅರ್ಧ ಅವರೇ ನಮಗೆ ಹೇಳಿಕೊಟ್ಟಿದ್ದು:

• ಬೋಟು ನಿಂತಿದ್ದರೂ ವಾರಕ್ಕೊಮ್ಮೆ ಚಕ್ರವನ್ನು ಈ ತುದಿಯಿಂದ ಆ ತುದಿಗೆ ತಿರುಗಿಸಿ.

• ಉಪ್ಪುನೀರಿನಿಂದ ಬಂದ ಮೇಲೆ ರಾಡ್ ಮತ್ತು ಟ್ಯೂಬಿನ ತುದಿಗಳನ್ನು ಸಿಹಿನೀರಿನಲ್ಲಿ ತೊಳೆದು, ಒರೆಸಿ, ಗ್ರೀಸ್ ಹಚ್ಚಿ.

• ಟ್ಯೂಬಿನಲ್ಲಿ ಗ್ರೀಸ್ ನಿಪ್ಪಲ್ ಇದ್ದರೆ, ರಾಡನ್ನು ಪೂರ್ತಿ ಒಳಗೆ ಎಳೆದುಕೊಂಡ ಮೇಲೆಯೇ ಗ್ರೀಸ್ ತುಂಬಿ. ರಾಡ್ ಹೊರಗಿದ್ದಾಗ ತುಂಬಿದರೆ ಗ್ರೀಸ್ ಹೋಗೋಕೆ ಜಾಗ ಇಲ್ಲದೆ ಹೈಡ್ರಾಲಿಕ್ ಲಾಕ್ ಆಗಿ ಸ್ಟೀರಿಂಗ್ ಮತ್ತೆ ಜಾಮ್ ಆಗಬಹುದು. ಎಂಜಿನ್ ಕೈಪಿಡಿಗಳಲ್ಲೂ ಈ ಎಚ್ಚರಿಕೆ ಕಾಣುತ್ತೆ.

• ಲಿಂಕ್ ಆರ್ಮ್‌ನ ನೈಲಾಕ್ ನಟ್ ಬಿಚ್ಚಿದರೆ ಹೊಸದನ್ನೇ ಹಾಕಿ. ಒಮ್ಮೆ ಬಿಚ್ಚಿದ್ದು ಮೊದಲಿನ ಹಿಡಿತ ಕೊಡಲ್ಲ. ಅದು ಕಳಚಿದರೆ ಸ್ಟೀರಿಂಗ್ ಅನ್ನೋದೇ ಇರಲ್ಲ.

• ಕವಚ ಉಬ್ಬಿದ್ದರೆ, ಸೀಳಿದ್ದರೆ, ರಾಡ್ ಬಾಗಿದ್ದರೆ ಎಣ್ಣೆ ಬಿಟ್ಟು ಸಮಾಧಾನ ಮಾಡ್ಕೋಬೇಡಿ. ಕೇಬಲ್ ಬದಲಾಯಿಸಿ.

ನಿಮ್ಮ ಸ್ಕೂಟರ್‌ಗೂ ಇದೇ ಪಾಠ

ಬೋಟು ಯಾರ ಹತ್ತಿರ ಇದೆ ಅಂತ ಕೇಳ್ತೀರಾ? ಕ್ಯಾಂಪಸ್ ಪಾರ್ಕಿಂಗ್‌ಗೆ ಹೋಗಿ ನೋಡಿ. ಅಲ್ಲಿರೋ ಸ್ಕೂಟರ್‌ಗಳಲ್ಲಿ ಹಿಂದಿನ ಬ್ರೇಕ್ ಲಿವರ್ ಬಿಟ್ಟ ಮೇಲೆ ನಿಧಾನಕ್ಕೆ ವಾಪಸ್ ಬರೋವು ಎಷ್ಟಿವೆ? ಅದೂ ಬೌಡನ್ ಕೇಬಲ್ಲೇ, ಬೆಂಗಳೂರಿನ ಮಳೆ ಕುಡಿದಿದ್ದು. ಹುಡುಕೋ ಕ್ರಮವೂ ಅದೇ. ಬ್ರೇಕ್ ಕಡೆಯಿಂದ ಕೇಬಲ್ ಬಿಚ್ಚಿ, ಬ್ರೇಕ್‌ನ ತೋಳನ್ನು ಕೈಯಲ್ಲಿ ಆಡಿಸಿ. ಅದು ಸಲೀಸಾಗಿದ್ದರೆ ಕೇಬಲ್ ನೋಡಿ. ತುದಿಯಲ್ಲಿ ತಂತಿಯ ಒಂದು ಎಳೆ ತುಂಡಾಗಿದ್ದರೂ ಹೊಸದು ಹಾಕಿಸಿ. ಆಕ್ಸಿಲರೇಟರ್ ಬಿಟ್ಟಾಗ ತಾನಾಗಿ ವಾಪಸ್ ಬರದಿದ್ದರೆ ಅವತ್ತು ಗಾಡಿ ಓಡಿಸಬೇಡಿ, ತಳ್ಳಿಕೊಂಡು ಮೆಕ್ಯಾನಿಕ್ ಹತ್ತಿರ ಹೋಗಿ. ಜೆ.ಪಿ. ನಗರದಿಂದ ಬನಶಂಕರಿವರೆಗೆ ರಿಂಗ್ ರೋಡಿನಲ್ಲಿ ಹಿಂದೆ ಬಿಎಂಟಿಸಿ ಬಸ್ ಇರುವಾಗ ಈ ಪಾಠ ಕಲಿಯೋದು ಬೇಡ.

ಆ ಕೇಬಲ್ ತುಂಡು ಈಗ ವರ್ಕ್‌ಶಾಪ್‌ನ ಕಿಟಕಿ ಪಕ್ಕ ನೇತಾಡ್ತಾ ಇದೆ. ನೋಡಬೇಕು ಅನ್ನೋರು ಬನ್ನಿ, ತೋರಿಸ್ತೀವಿ. ಸೀಳಿದ ಜಾಗ ಮುಟ್ಟಿದ ಮೇಲೆ ಕೈ ಮಾತ್ರ ತೊಳ್ಕೊಳ್ಳಿ, ತುಕ್ಕು ಇನ್ನೂ ಉದುರ್ತಾ ಇದೆ.